ಎದುರು ಯಾರೂ ಇಲ್ಲದ ಟರ್ಮಿನಲ್: ಯುನಿಕ್ಸ್ ಚರಿತ್ರೆಯ ಒಂದು ಎಳೆ

ಯುನಿಕ್ಸ್ ಯಂತ್ರ ಚಾಲೂ ಆಗುವ ಹೊತ್ತಿಗೆ ಯಾರೂ ಲಾಗಿನ್ ಆಗಿರುವುದಿಲ್ಲ. ವೆಬ್ ಸರ್ವರ್‌ನಂತೆ ಹಿನ್ನೆಲೆಯಲ್ಲೇ ನಡೆಯುವ ಡೀಮನ್‌ಗಳಿಗೆ ಅದರಿಂದ ತೊಂದರೆಯೇನೂ ಇಲ್ಲ. ಆದರೆ ಚಾಟ್‌ಗೆ ಬಳಸುವ ಇರ್ಸಿಯಾಗಲಿ, ಕಡತ ಇಳಿಸಿಕೊಳ್ಳಲು ಬಳಸುವ ಆರ್‌ಟೊರೆಂಟ್ ಆಗಲಿ ಕೀಬೋರ್ಡಿನಿಂದ ಆಜ್ಞೆ ಪಡೆದು ಪರದೆಗೆ ಬರೆಯುವಂಥವು; ಟರ್ಮಿನಲ್ ಇಲ್ಲದೆ ಅವು ನಡೆಯವು. ಇಂಥವನ್ನು ಯಂತ್ರದ ಜೊತೆಗೇ ಎಬ್ಬಿಸುವ ಪ್ರಯತ್ನಗಳನ್ನು ಪ್ರೋಗ್ರಾಂ ಅನ್ನು ಹಿನ್ನೆಲೆಗೆ ತಳ್ಳುವ ಉಪಾಯಗಳೆಂದು ವಿವರಿಸುವುದು ರೂಢಿ. ನನ್ನ ದೃಷ್ಟಿಯಲ್ಲಿ ಇದು ಟರ್ಮಿನಲ್ಲೇ ಮನುಷ್ಯನ ಹಂಗು ಬಿಟ್ಟ ಚರಿತ್ರೆ.

1970ರ ದಶಕದಲ್ಲಿ ಟರ್ಮಿನಲ್ ಎಂದರೆ ಕೈಗೆ ಸಿಗುವ ಯಂತ್ರ. ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಅಚ್ಚೊತ್ತುತ್ತಿತ್ತು. ಮೋಡೆಮ್ ಸಂಪರ್ಕ ಕಡಿದರೆ ಕರ್ನಲ್ 'ಹ್ಯಾಂಗಪ್' ಸಂಕೇತ ಕಳಿಸುತ್ತಿತ್ತು, ಪ್ರೋಗ್ರಾಂ ಅಲ್ಲಿಗೇ ಸಾಯುತ್ತಿತ್ತು. 'ನೋಹಪ್' ಆಜ್ಞೆ ಈ ಸಾವನ್ನು ತಪ್ಪಿಸಿತು, ಅಷ್ಟೇ. ಸಂವಾದಿ ಪ್ರೋಗ್ರಾಂಗೆ ಅದು ಸಾಲದು: ಬದುಕುಳಿದರೂ ಓದಲು ಇನ್‌ಪುಟ್ ಬೇಕಲ್ಲ! ಬರ್ಕ್ಲಿ ಯುನಿಕ್ಸ್‌ಗೆ ಜಾಬ್ ಕಂಟ್ರೋಲ್ ಬಂದ ಮೇಲಂತೂ, ಹಿನ್ನೆಲೆಯಿಂದ ಟರ್ಮಿನಲ್ ಓದಲು ಹೋದ ಪ್ರೋಗ್ರಾಂ ಅನ್ನು ಕರ್ನಲ್ಲೇ ತಡೆದು ನಿಲ್ಲಿಸತೊಡಗಿತು.

ದಾರಿ ತೆರೆದದ್ದು ಹುಸಿ ಟರ್ಮಿನಲ್. ಈ ಕಲ್ಪನೆ ಯುನಿಕ್ಸ್‌ಗಿಂತ ಹಳೆಯದು, 1983ರ 4.2 ಬಿಎಸ್‌ಡಿಯಲ್ಲಿ ಅದು ಜೋಡಿ ಸಾಧನವಾಗಿ ಸಿಕ್ಕಿತು. ಒಂದು ತುದಿ ಪ್ರೋಗ್ರಾಂಗೆ ನಿಜವಾದ ಟರ್ಮಿನಲ್ಲಿನಂತೆಯೇ ಕಾಣುತ್ತದೆ, ಇನ್ನೊಂದು ತುದಿ ಮತ್ತೊಂದು ಪ್ರೋಗ್ರಾಂ ಕೈಯಲ್ಲಿರುತ್ತದೆ. 1987ರಲ್ಲಿ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಆಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ಬರೆದ 'ಸ್ಕ್ರೀನ್' ಆ ಇನ್ನೊಂದು ತುದಿಯನ್ನು ಹಿಡಿದುಕೊಂಡಿತು. ಬಳಕೆದಾರ ಸಂಪರ್ಕ ಕಳಚಿಕೊಂಡು ಹೋದರೂ ಒಳಗಿನ ಪ್ರೋಗ್ರಾಂಗೆ ಸುಳಿವು ಸಿಗದು. ಈ ಇಡೀ ಚರಿತ್ರೆಯಲ್ಲಿ ನಿರ್ಣಾಯಕ ಹೆಜ್ಜೆ ಇದೇ. ಸ್ಕ್ರೀನ್‌ನ ಕೈಪಿಡಿಯನ್ನೇ ನೋಡಿ: ಸಣ್ಣ 'ಡಿ', 'ಎಂ' ಆಯ್ಕೆಗಳನ್ನು ಒಟ್ಟಿಗೆ ಕೊಟ್ಟರೆ ಯಾರೂ ಸೇರಿಕೊಳ್ಳದ ಸೆಷನ್ ಹುಟ್ಟುತ್ತದೆ, ಇದು ಯಂತ್ರದ ಆರಂಭದ ಸ್ಕ್ರಿಪ್ಟ್‌ಗಳಿಗೆ ಉಪಯುಕ್ತ ಎಂದು ಅಲ್ಲಿ ಸ್ಪಷ್ಟವಾಗಿದೆ. ಸಣ್ಣ 'ಡಿ' ಬದಲು ದೊಡ್ಡ 'ಡಿ' ಕೊಟ್ಟರೆ ಸ್ಕ್ರೀನ್ ಹೊಸ ಪ್ರಾಸೆಸ್ ಕವಲೊಡೆಸದೆ, ಸೆಷನ್ ಮುಗಿಯುವವರೆಗೂ ತಾನೇ ನಿಲ್ಲುತ್ತದೆ. ಮೇಲ್ವಿಚಾರಕ ಪ್ರೋಗ್ರಾಂ ಅದರ ಮೇಲೆ ಕಣ್ಣಿಡಬಹುದು.

2007ರಲ್ಲಿ ನಿಕೊಲಸ್ ಮ್ಯಾರಿಯಟ್ ಆರಂಭಿಸಿದ 'ಟಿಮಕ್ಸ್' ಇದೇ ಜಾಡಿನದು.

ಲಿನಕ್ಸ್ ಯಂತ್ರ ಚಾಲೂ ಆಗುವಾಗ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ, 2010ರಲ್ಲಿ ಪ್ರಕಟವಾದ 'ಸಿಸ್ಟಮ್‌ಡಿ' ಪ್ರತಿ ಪ್ರಾಸೆಸ್‌ನ ಲೆಕ್ಕ ಇಡತೊಡಗಿತು. 2016ರ 230ನೇ ಆವೃತ್ತಿ ಲಾಗ್‌ಔಟ್ ಆದೊಡನೆ ಬಳಕೆದಾರನ ಉಳಿದ ಪ್ರಾಸೆಸ್‌ಗಳನ್ನೆಲ್ಲ ಕೊಲ್ಲುವುದನ್ನೇ ಪೂರ್ವನಿಯೋಜಿತ ನಡೆಯಾಗಿಸಿತು. ಸ್ಕ್ರೀನ್, ಟಿಮಕ್ಸ್ ನಂಬಿದ್ದವರು ಕೆರಳಿದರು; ಲಿನಕ್ಸ್ ವಿತರಣೆಯಾದ ಡೆಬಿಯನ್ ತನ್ನಲ್ಲಿ ಅದನ್ನು ಬದಲಿಸಿಕೊಂಡಿತು. ಮೂವತ್ತು ವರ್ಷಗಳ ಬಳಕೆಯನ್ನು ಹೀಗೆ ಏಕಾಏಕಿ ಮುರಿದದ್ದು ಸರಿಯಲ್ಲ. ಆದರೂ ಅದೇ ಸಿಸ್ಟಮ್‌ಡಿಯ 'ಲಿಂಗರ್' ಸೌಲಭ್ಯ ಸಮಸ್ಯೆಗೆ ಈವರೆಗಿನ ಚೊಕ್ಕ ಉತ್ತರ: ಲಾಗಿನ್ ಇಲ್ಲದಿದ್ದರೂ ಬಳಕೆದಾರನ ಸೇವೆಗಳು ಯಂತ್ರದ ಜೊತೆಗೇ ಏಳುತ್ತವೆ. ಹೊಸದಾಗಿ ವ್ಯವಸ್ಥೆ ಮಾಡುವವರು ಪೂರ್ಣ ಅಧಿಕಾರದ ರೂಟ್ ಖಾತೆಯಲ್ಲಿ ಸ್ಕ್ರೀನ್ ಓಡಿಸುವುದನ್ನು ಬಿಟ್ಟು, ಎಬ್ಬಿಸಬೇಕಾದ ಪ್ರೋಗ್ರಾಂಗೆಂದೇ ಬೇರೆ ಖಾತೆ ತೆರೆದು ಲಿಂಗರ್ ಬಳಸಲಿ.