ಸೋಲದವರ ಭವಿಷ್ಯ ಹೇಳುವುದು ಹೇಗೆ?

ನನ್ನ ಚಿಕ್ಕಮ್ಮನ ಮಗಳು ಮಿನಿಯಾಪೊಲಿಸ್‌ನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಳೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳಿಂದ ಒಂದು ಪಟ್ಟಿ ಬಂತು. ಎಂಟು ಕಾಲೇಜು ತಂಡಗಳ ಹೆಸರು, ಪ್ರತಿಯೊಂದರ ಮುಂದೆ ಆ ತಂಡದ ಬಲವನ್ನು ಸೂಚಿಸುವ ಒಂದು ಅಂಕಿ. ಮೇಲಿನ ಸಾಲಿನಲ್ಲಿ ಮಾತ್ರ ಅಂಕಿಯ ಬದಲು ಅಡ್ಡ ಮಲಗಿಸಿದ 8 ಇತ್ತು, ಎಂದರೆ ಅನಂತದ ಚಿಹ್ನೆ. ಕೆಳಗೆ ಅವಳ ಸಾಲು: "ಅಕ್ಕಾ, ಇದು ನಮ್ಮ ಕ್ಲಾಸಿನ ಲೆಕ್ಕ. 2013ರ ಮಹಿಳಾ ಐಸ್ ಹಾಕಿ ಪ್ಲೇಆಫ್. ಟೂರ್ನಿಗೆ ಮುಂಚಿನ ಫಲಿತಾಂಶಗಳನ್ನಷ್ಟೇ ಇಟ್ಟುಕೊಂಡು ಯಾರು ಗೆಲ್ತಾರೆ ಅಂತ ಹೇಳಬೇಕು. ಹಳೆಯದನ್ನು ನೋಡಿ ಮುಂದಿನದನ್ನು ಹೇಳಬಹುದಾ? ಇತಿಹಾಸದವಳು ನೀನು, ಹೇಳು."

ನನಗೆ ಹಾಕಿ ಎಂದರೆ ಕೊಡಗಿನ ಮೈದಾನ, ಬೇಸಿಗೆಯ ಕೌಟುಂಬಿಕ ಪಂದ್ಯಾವಳಿ. ಐಸ್ ಹಾಕಿಯನ್ನು ನಾನು ತೆರೆಯ ಮೇಲಷ್ಟೇ ನೋಡಿದ್ದೇನೆ. ಗೋಲಿಯೂ ಸೇರಿ ಒಂದು ಕಡೆಗೆ ಆರು ಮಂದಿ, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಪಕ್, ಇಪ್ಪತ್ತು ನಿಮಿಷದ ಮೂರು ಅವಧಿ. ಆದರೂ ಅವಳ ಪ್ರಶ್ನೆ ತಲೆಯಲ್ಲಿ ಉಳಿಯಿತು. ಹಿಂದಿನದರಿಂದ ಮುಂದಿನದನ್ನು ಹೇಳುವುದು ಇತಿಹಾಸಕಾರರು ಮಾಡಬಾರದ ಕೆಲಸ ಎಂದು ನಮಗೆ ಎಂ.ಎ. ಮೊದಲ ವರ್ಷದಲ್ಲೇ ಕಲಿಸಿದ್ದರು. ಆದರೆ ಆ ಪಟ್ಟಿಯನ್ನು ಬಿಡಿಸುತ್ತ ಹೋದಂತೆ ನನಗೆ ಕಂಡದ್ದು ಭವಿಷ್ಯಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಚರಿತ್ರೆ.

ಮೊದಲು ಆ ಅನಂತದ ವಿಷಯ ಹೇಳುತ್ತೇನೆ. ಪಂದ್ಯಗಳ ಸೋಲು ಗೆಲುವಿನಿಂದ ಆಟಗಾರರ ಬಲವನ್ನು ಅಳೆಯುವ ಒಂದು ವಿಧಾನವನ್ನು ಜರ್ಮನ್ ಗಣಿತಜ್ಞ ಅರ್ನ್‌ಸ್ಟ್ ಜರ್ಮೆಲೊ 1929ರಲ್ಲಿ ಚೆಸ್ ಟೂರ್ನಿಗಳಿಗಾಗಿ ಬರೆದರು. 1952ರಲ್ಲಿ ಬ್ರಾಡ್ಲಿ ಮತ್ತು ಟೆರ್ರಿ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಅದನ್ನು ತಾವಾಗಿಯೇ ಮತ್ತೆ ಕಂಡುಕೊಂಡರು. ಈಗ ಅದಕ್ಕೆ ಅವರದೇ ಹೆಸರು. ಅಮೆರಿಕದ ಕಾಲೇಜು ಹಾಕಿಗೆ ಇದನ್ನು ಅಳವಡಿಸಿದವರು ಕೆನ್ ಬಟ್ಲರ್. ಅವರ ಪಟ್ಟಿಯನ್ನು ಹಾಕಿ ಅಭಿಮಾನಿಗಳು 'ಕ್ರ್ಯಾಚ್' ಎಂದು ಕರೆಯುತ್ತಾರೆ. ತತ್ತ್ವ ಸರಳ. ಪ್ರತಿ ತಂಡಕ್ಕೂ ಒಂದು ಬಲದ ಅಂಕಿ. ಒಂದರದು 300, ಇನ್ನೊಂದರದು 100 ಆದರೆ, ಇಬ್ಬರೂ ನಾಲ್ಕು ಸಲ ಆಡಿದಾಗ ಮೊದಲನೆಯದು ಮೂರು ಸಲ ಗೆಲ್ಲಬೇಕೆಂದು ನಿರೀಕ್ಷೆ. ಯಾರು ಯಾರನ್ನು ಸೋಲಿಸಿದರು ಎಂಬ ಇಡೀ ಋತುವಿನ ದಾಖಲೆಗೆ ಚೆನ್ನಾಗಿ ಹೊಂದುವ ಅಂಕಿಗಳನ್ನು ಹುಡುಕಬೇಕು, ಅಷ್ಟೆ.

ತೊಡಕು ಬರುವುದು ಒಮ್ಮೆಯೂ ಸೋಲದ ತಂಡ ಎದುರಾದಾಗ. ಅದರ ಬಲಕ್ಕೆ ಯಾವ ಅಂಕಿ ಕೊಟ್ಟರೂ ಅದಕ್ಕಿಂತ ದೊಡ್ಡ ಅಂಕಿ ದಾಖಲೆಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಹಾಗೆ ಏರುತ್ತ ಏರುತ್ತ ಅಂಕಿ ಅನಂತವನ್ನು ಮುಟ್ಟುತ್ತದೆ. 2013ರ ಮಾರ್ಚ್‌ನಲ್ಲಿ ಮಿನಿಸೋಟ ವಿಶ್ವವಿದ್ಯಾಲಯದ ಮಹಿಳಾ ತಂಡ ಇದ್ದದ್ದು ಅಲ್ಲಿ. ಡಬ್ಲ್ಯುಸಿಎಚ್‌ಎ ಎಂಬ ತನ್ನ ಕಾನ್ಫರೆನ್ಸಿನ ಪ್ಲೇಆಫ್‌ಗೆ ಬಂದಾಗ ಅದು 34 ಪಂದ್ಯ ಆಡಿ 34ನ್ನೂ ಗೆದ್ದಿತ್ತು. ಲೆಕ್ಕ ಬಲ್ಲವರು ಇಂಥ ಕಡೆ ಒಂದು ಉಪಾಯ ಮಾಡುತ್ತಾರೆ. ಪ್ರತಿ ತಂಡವೂ ಒಂದು ಕಾಲ್ಪನಿಕ ತಂಡದೊಡನೆ ಒಂದು ಪಂದ್ಯವನ್ನು ಡ್ರಾ ಮಾಡಿಕೊಂಡಿತು ಎಂದು ಸೇರಿಸುತ್ತಾರೆ. ಸೋಲದವರಿಗೆ ಅರ್ಧ ಸೋಲನ್ನು ದಾನ ಕೊಟ್ಟ ಮೇಲೆಯೇ ಅವರ ಭವಿಷ್ಯ ಹೇಳಲು ಸಾಧ್ಯ!

ಕಾನ್ಫರೆನ್ಸ್ ಎಂದರೆ ಒಂದು ಪ್ರದೇಶದ ಕಾಲೇಜುಗಳು ಸೇರಿ ಮಾಡಿಕೊಂಡ ಕೂಟ. ಋತುವಿನುದ್ದಕ್ಕೂ ಅವು ತಮ್ಮೊಳಗೆ ಆಡುತ್ತವೆ, ಕೊನೆಗೆ ಒಂದು ಪ್ಲೇಆಫ್ ನಡೆಸುತ್ತವೆ. ಅದನ್ನು ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ದೊಡ್ಡ ತಂಡಗಳಿಗೆ ಸೋತರೂ ವರ್ಷವಿಡೀ ಗಳಿಸಿದ ಹೆಸರಿನ ಬಲದಿಂದ ಕರೆ ಬರುತ್ತದೆ. ಸಣ್ಣ ತಂಡಗಳಿಗೆ ಬಹುಮಟ್ಟಿಗೆ ಇದೊಂದೇ ಬಾಗಿಲು. ಆಗಿನ ಡಬ್ಲ್ಯುಸಿಎಚ್‌ಎಯಲ್ಲಿ ಎಂಟು ತಂಡಗಳಿದ್ದವು. ಮೊದಲ ಸುತ್ತು ಮೂರು ಪಂದ್ಯಗಳ ಸರಣಿ; ಸೆಮಿಫೈನಲ್ ಮತ್ತು ಫೈನಲ್ ಒಂದೊಂದೇ ಪಂದ್ಯ.

ಈ ರಚನೆಯಲ್ಲೇ ಅರ್ಧ ಭವಿಷ್ಯ ಅಡಗಿದೆ. ಯಾವ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಶೇ. 90 ಇರುವ ತಂಡ ಒಂದಿದೆ ಎನ್ನಿ. ಮೂರು ಪಂದ್ಯಗಳ ಸರಣಿಯನ್ನು ಅದು ಗೆಲ್ಲುವ ಸಾಧ್ಯತೆ ಶೇ. 97. ಮುಂದಿನ ಎರಡು ಒಂಟಿ ಪಂದ್ಯಗಳನ್ನೂ ಸೇರಿಸಿದರೆ ಕಪ್ ಎತ್ತುವ ಸಾಧ್ಯತೆ ಶೇ. 79ಕ್ಕೆ ಇಳಿಯುತ್ತದೆ. ಪ್ರತಿ ಪಂದ್ಯದ ಸಾಧ್ಯತೆ ಶೇ. 80 ಆದರೆ ಕಪ್ಪಿನ ಸಾಧ್ಯತೆ ಶೇ. 57 ಮಾತ್ರ. ಎಲ್ಲರಿಗಿಂತ ಸ್ಪಷ್ಟವಾಗಿ ಮೇಲಿರುವ ತಂಡದ ಕಥೆಯೂ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಐಸ್ ಹಾಕಿಯಲ್ಲಿ ಗೋಲುಗಳು ಕಡಿಮೆ ಎಂಬುದೂ ಇದಕ್ಕೆ ಸೇರುತ್ತದೆ. ಸರಾಸರಿ ಮೂರು ಗೋಲು ಹೊಡೆಯುವ ತಂಡ, ಎರಡು ಹೊಡೆಯುವ ತಂಡದ ಎದುರು ಆಡಿದರೆ, ಸಾಮಾನ್ಯವಾಗಿ ಬಳಸುವ ಪ್ವಾಸಾನ್ ಲೆಕ್ಕದ ಪ್ರಕಾರ ದುರ್ಬಲ ತಂಡ ಸುಮಾರು ಮೂರರಲ್ಲೊಂದು ಸಲ ಗೆಲ್ಲುತ್ತದೆ. ಒಬ್ಬ ಗೋಲಿಯ ಒಂದು ಒಳ್ಳೆಯ ಸಂಜೆ ಸಾಕು.

2013ರಲ್ಲಿ ಹಾಗಾಗಲಿಲ್ಲ. ಮಿನಿಸೋಟ ಫೈನಲ್‌ನಲ್ಲಿ ನಾರ್ತ್ ಡಕೋಟಾವನ್ನು ಸೋಲಿಸಿತು. ಮುಂದಿನ ವಾರ ರಾಷ್ಟ್ರೀಯ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಅದೇ ನಾರ್ತ್ ಡಕೋಟಾ ಮತ್ತೆ ಎದುರಾಯಿತು. ಈ ಸಲ ಪಂದ್ಯ ಮೂರನೆಯ ಹೆಚ್ಚುವರಿ ಅವಧಿಗೆ ಹೋಗಿ 3-2ರಲ್ಲಿ ಮುಗಿಯಿತು. ಸೆಮಿಫೈನಲ್‌ನಲ್ಲಿ ಬಾಸ್ಟನ್ ಕಾಲೇಜಿನ ಮೇಲೂ ಹೆಚ್ಚುವರಿ ಅವಧಿಯಲ್ಲೇ 3-2. ಫೈನಲ್‌ನಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಮೇಲೆ 6-3. ಒಟ್ಟು 41 ಪಂದ್ಯ, 41 ಗೆಲುವು. ದಾಖಲೆಯಲ್ಲಿ ಅದು ಕಲ್ಲಿನಲ್ಲಿ ಕೊರೆದ ಹಾಗೆ ಕಾಣುತ್ತದೆ. ಆದರೆ ಪ್ರತಿ ಪಂದ್ಯದಲ್ಲಿ ಶೇ. 90 ಸಾಧ್ಯತೆ ಇದ್ದರೂ 41ನ್ನು ಸತತವಾಗಿ ಗೆಲ್ಲುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ಮೂರನೆಯ ಹೆಚ್ಚುವರಿ ಅವಧಿಯಲ್ಲಿ ಪಕ್ ಬೇರೆ ಕಡೆ ಪುಟಿದಿದ್ದರೆ ಈಗ ಅದನ್ನು ಅನಿವಾರ್ಯ ಗೆಲುವೆಂದು ಬರೆಯುವವರು ಏನು ಬರೆಯುತ್ತಿದ್ದರು? ಇತಿಹಾಸಕಾರರಿಗೆ ಈ ಲೆಕ್ಕ ಕಲಿಸುವ ಪಾಠ ಇದು. ನಡೆದದ್ದನ್ನೆಲ್ಲ ನಡೆಯಲೇಬೇಕಾಗಿದ್ದದ್ದು ಎಂದು ಓದುವ ಚಟದಿಂದ ಅದು ನಮ್ಮನ್ನು ಬಿಡಿಸುತ್ತದೆ.

ಎರಡು ವರ್ಷದ ಬಳಿಕ, 2015ರ ಮಾರ್ಚ್‌ನಲ್ಲಿ, ನಾಣ್ಯ ಇನ್ನೊಂದು ಮಗ್ಗುಲಿಗೆ ಬಿತ್ತು. ಡಬ್ಲ್ಯುಸಿಎಚ್‌ಎ ಸೆಮಿಫೈನಲ್‌ನಲ್ಲಿ ಬೆಮಿಜಿ ಎಂಬ ಸಣ್ಣ ಊರಿನ ಸರ್ಕಾರಿ ವಿಶ್ವವಿದ್ಯಾಲಯದ ತಂಡ ಮಿನಿಸೋಟವನ್ನು 1-0ರಿಂದ ಸೋಲಿಸಿತು. ಪೂರ್ವ ಕರಾವಳಿಯ ಹಾಕಿ ಈಸ್ಟ್ ಕಾನ್ಫರೆನ್ಸಿನಲ್ಲಿ ಋತುವಿನುದ್ದಕ್ಕೂ ಮೆರೆದ ಬಾಸ್ಟನ್ ಕಾಲೇಜು ಫೈನಲ್‌ನಲ್ಲಿ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ 4-1ರಿಂದ ಸೋತಿತು. ಎರಡೂ ಕಡೆ ಪಟ್ಟಿಯ ಮೊದಲ ಹೆಸರನ್ನು ಆರಿಸಿಕೊಂಡವರು ತಪ್ಪಿದರು. ಸೋತ ಮಿನಿಸೋಟವನ್ನು ರಾಷ್ಟ್ರೀಯ ಟೂರ್ನಿಗೆ ಕರೆದರು, ಅದು ಹೋಗಿ ಚಾಂಪಿಯನ್ ಆಯಿತು. ಅದನ್ನು ಸೋಲಿಸಿದ ಬೆಮಿಜಿ ಕಾನ್ಫರೆನ್ಸ್ ಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ ಸೋತು ಮನೆಗೆ ಮರಳಿತು. ಒಂದೇ ಸೋಲು ಒಬ್ಬರಿಗೆ ಗೀರು, ಇನ್ನೊಬ್ಬರಿಗೆ ಋತುವಿನ ಕೊನೆ.

ಇಲ್ಲಿಗೆ ಲೆಕ್ಕದ ಮಾತು ಸಾಕು. ನನ್ನನ್ನು ಕಾಡಿದ್ದು ಬೇರೆ. ಈ ಎಲ್ಲ ಲೆಕ್ಕಕ್ಕೆ ಬೇಕಾದ ಕಚ್ಚಾಮಾಲು, ಎಂದರೆ ಪ್ರತಿ ಪಂದ್ಯದ ದಿನಾಂಕ, ಎದುರಾಳಿ, ಸ್ಕೋರು, ಎಲ್ಲಿಂದ ಬಂತು? ಅಮೆರಿಕದ ಕಾಲೇಜೊಂದರಲ್ಲಿ ಮೊದಲ ಮಹಿಳಾ ಐಸ್ ಹಾಕಿ ತಂಡ ಕಟ್ಟಿದ್ದು 1964ರಲ್ಲಿ, ಬ್ರೌನ್ ವಿಶ್ವವಿದ್ಯಾಲಯಕ್ಕೆ ಸೇರಿದ ಪೆಂಬ್ರೋಕ್ ಎಂಬ ಮಹಿಳಾ ಕಾಲೇಜಿನಲ್ಲಿ. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಲಿಂಗಭೇದ ಮಾಡಬಾರದೆಂದು ಹೇಳುವ 'ಟೈಟಲ್ ನೈನ್' ಕಾನೂನು ಬಂದದ್ದು 1972ರಲ್ಲಿ. ಪೂರ್ವದ ಇಸಿಎಸಿ ಕೂಟ ಮಹಿಳೆಯರಿಗೆ ಪ್ಲೇಆಫ್ ನಡೆಸಲು ತೊಡಗಿದ್ದು 1980ರ ದಶಕದಲ್ಲಿ. 1996ರ ಆ ಕೂಟದ ಫೈನಲ್‌ನಲ್ಲಿ ನ್ಯೂ ಹ್ಯಾಂಪ್‌ಷೈರ್ ಮತ್ತು ಪ್ರಾವಿಡೆನ್ಸ್ ತಂಡಗಳು ಐದನೆಯ ಹೆಚ್ಚುವರಿ ಅವಧಿಯವರೆಗೆ ಆಡಿದವು. 145 ನಿಮಿಷ 35 ಸೆಕೆಂಡಿನ ಆಟದ ಕೊನೆಗೆ ನ್ಯೂ ಹ್ಯಾಂಪ್‌ಷೈರ್ 3-2ರಿಂದ ಗೆದ್ದಿತು. ಆಗಿನ್ನೂ ಮಹಿಳೆಯರಿಗೆ ಎನ್‌ಸಿಎಎ ರಾಷ್ಟ್ರೀಯ ಟೂರ್ನಿಯೇ ಇರಲಿಲ್ಲ. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಮಹಿಳಾ ಐಸ್ ಹಾಕಿ ಮೊದಲ ಸಲ ಸೇರಿ, ಅಮೆರಿಕ ಕೆನಡಾವನ್ನು ಸೋಲಿಸಿ ಚಿನ್ನ ಗೆದ್ದ ಮೇಲೆ, 2001ರಲ್ಲಿ ಮೊದಲ ಎನ್‌ಸಿಎಎ ಮಹಿಳಾ ಟೂರ್ನಿ ನಡೆಯಿತು. ಅದನ್ನು ಗೆದ್ದದ್ದು ಮಿನಿಸೋಟ ಡುಲುತ್.

ಹೀಗೆ ನೋಡಿದರೆ ನನ್ನ ತಂಗಿಯ ಪಟ್ಟಿ ಒಂದು ದೀರ್ಘ ಹೋರಾಟದ ಕೊನೆಯ ಪುಟ. ಒಂದು ಆಟದ ಭವಿಷ್ಯ ಹೇಳಬೇಕಾದರೆ ಅದಕ್ಕೆ ವೇಳಾಪಟ್ಟಿ ಇರಬೇಕು, ಅಂಪೈರ್ ಇರಬೇಕು, ಗೋಲು ಬಿದ್ದ ನಿಮಿಷ ಬರೆದುಕೊಳ್ಳುವ ಒಬ್ಬರಿರಬೇಕು, ಆ ಕಾಗದವನ್ನು ಎಸೆಯದೆ ಇಟ್ಟವರಿರಬೇಕು. ನಾನು ಪಿಎಚ್.ಡಿ.ಗಾಗಿ ಹಳೆಯ ಮೈಸೂರಿನ ಮಹಿಳಾ ಸಮಾಜಗಳ ವಾರ್ಷಿಕ ವರದಿಗಳನ್ನು ಓದುತ್ತೇನೆ. ಅವುಗಳಲ್ಲಿ ಹೆಣ್ಣುಮಕ್ಕಳ ಆಟೋಟದ ಪ್ರಸ್ತಾಪ ಬಂದಾಗ ಅಧ್ಯಕ್ಷತೆ ವಹಿಸಿದವರ ಹೆಸರು ಇರುತ್ತದೆ, ಬಹುಮಾನ ವಿತರಿಸಿದವರ ಹೆಸರು ಇರುತ್ತದೆ, ವಂದನಾರ್ಪಣೆ ಮಾಡಿದವರ ಹೆಸರೂ ಇರುತ್ತದೆ. ಗೆದ್ದವರು ಯಾರು, ಎಷ್ಟು ಅಂಕದಿಂದ ಎಂಬುದು ಸಿಕ್ಕುವುದು ಅಪರೂಪ. ಆ ಹುಡುಗಿಯರ ಮುಂದಿನ ಪಂದ್ಯ ಏನಾದೀತೆಂದು ಯಾವ ಗಣಿತವೂ ಹೇಳಲಾರದು. ಏಕೆಂದರೆ ಹಿಂದಿನ ಪಂದ್ಯ ಏನಾಯಿತೆಂದೇ ಯಾರೂ ಬರೆದಿಟ್ಟಿಲ್ಲ.

ಬರೆದಿಟ್ಟರೂ ಸಾಲದು ಎಂಬುದನ್ನು ಅದೇ ಪಟ್ಟಿಯ ಇನ್ನೊಂದು ಸಾಲು ಹೇಳುತ್ತದೆ. ಮಿನಿಸೋಟವನ್ನು ಮೂರು ಹೆಚ್ಚುವರಿ ಅವಧಿಯವರೆಗೆ ಎಳೆದ ನಾರ್ತ್ ಡಕೋಟಾ, ಅದೇ ವರ್ಷ ನವೆಂಬರಿನಲ್ಲಿ ಮಿನಿಸೋಟದ ಸತತ 62 ಗೆಲುವುಗಳ ಸರಪಳಿಯನ್ನು 3-2ರಿಂದ ತುಂಡರಿಸಿತು. ಅನಂತಕ್ಕೆ ಕೊನೆಗೂ ಒಂದು ಅಂಕಿ ಕೊಟ್ಟವರು ಅವರು. 2017ರ ಮಾರ್ಚ್‌ನಲ್ಲಿ, ಹಣದ ಕೊರತೆಯ ಕಾರಣ ಹೇಳಿ, ನಾರ್ತ್ ಡಕೋಟಾ ವಿಶ್ವವಿದ್ಯಾಲಯ ತನ್ನ ಮಹಿಳಾ ಐಸ್ ಹಾಕಿ ತಂಡವನ್ನೇ ಮುಚ್ಚಿತು. ಪುರುಷರ ತಂಡ ಉಳಿಯಿತು. ಮುಂದಿನ ವರ್ಷದ ಡಬ್ಲ್ಯುಸಿಎಚ್‌ಎ ಪಟ್ಟಿಯಲ್ಲಿ ಏಳೇ ಸಾಲು. 2021ರಲ್ಲಿ ಪೆನ್ಸಿಲ್ವೇನಿಯಾದ ರಾಬರ್ಟ್ ಮೋರಿಸ್ ವಿಶ್ವವಿದ್ಯಾಲಯ ಪುರುಷ, ಮಹಿಳಾ ಎರಡೂ ತಂಡಗಳನ್ನು ಕೈಬಿಟ್ಟಿತು. ಅಲ್ಲಿ ಹಳೆಯ ಆಟಗಾರರು, ಪೋಷಕರು, ಊರಿನವರು ಸೇರಿ ಹಣ ಕೂಡಿಸಿದರು. 2023ರ ಋತುವಿಗೆ ತಂಡಗಳು ಮರಳಿ ಬಂದವು.

ಯಾವ ಮಾದರಿಯಲ್ಲೂ ಇದಕ್ಕೊಂದು ಕಾಲಂ ಇಲ್ಲ. ಬ್ರಾಡ್ಲಿ ಮತ್ತು ಟೆರ್ರಿಯವರ ಸೂತ್ರ ಇಬ್ಬರೂ ಮೈದಾನಕ್ಕೆ ಇಳಿಯುತ್ತಾರೆ ಎಂದು ನಂಬಿಕೊಂಡೇ ಶುರುವಾಗುತ್ತದೆ. ಹೆಣ್ಣುಮಕ್ಕಳ ಆಟದ ಚರಿತ್ರೆಯಲ್ಲಿ ಆ ನಂಬಿಕೆಗೇ ಮೊದಲು ಜಗಳ ಆಡಬೇಕಾಯಿತು, ಈಗಲೂ ಆಡಬೇಕಾಗಿದೆ.

ಅವಳಿಗೆ ಉತ್ತರ ಬರೆದೆ: "ಹಳೆಯದನ್ನು ನೋಡಿ ಮುಂದಿನದನ್ನು ಹೇಳಬಹುದು ಕಣೇ, ನೂರಕ್ಕೆ ಎಂಬತ್ತು ಅಂತ ಹೇಳುವಷ್ಟು ವಿನಯ ಇದ್ದರೆ. ಆದರೆ ನಾರ್ತ್ ಡಕೋಟಾ ಈಗ ಎಲ್ಲಿದೆ ಅಂತ ನಿಮ್ಮ ಮೇಷ್ಟ್ರನ್ನು ಕೇಳು."

ಸಂಜೆ ಅವಳ ಉತ್ತರ ಬಂತು. "ಕೇಳಿದೆ ಅಕ್ಕಾ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಅದು ಈ ಲೆಕ್ಕದಲ್ಲಿ ಬರೋದಿಲ್ಲ ಅಂದರು."