ಸಿಂಗಾಪುರದ ಸುತ್ತಣ ಶಿಲಾತೈಲ ಸಂಶೋಧನೆ ಮತ್ತು ಅದರ ಪೂರ್ವಪರಂಪರೆ

ಬೆಂಗಳೂರಿನ ಉತ್ತರಕ್ಕೆ ಯಲಹಂಕದ ಸೀಮೆಗೆ ಸೇರಿದ ಸಿಂಗಾಪುರವೆಂಬ ಗ್ರಾಮವು ಈಗ ನಗರದೊಳಗೆ ಲೀನವಾಗಿದೆ. ಕೆರೆಯೊಂದು ಉಳಿದಿದೆ, ಹೊಲಗಳು ಬಡಾವಣೆಗಳಾಗಿವೆ. ಈ ಊರನ್ನು ನಡುವಿಟ್ಟು ನೋಡಿದರೆ ದಕ್ಷಿಣಕ್ಕೆ ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆ, ಪೂರ್ವಕ್ಕೆ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಈಶಾನ್ಯಕ್ಕೆ ವಿಮಾನನಿಲ್ದಾಣದ ಕಡೆ ಮಹದೇವ ಕೊಡಿಗೇಹಳ್ಳಿಯಲ್ಲಿ ಶೆಲ್ ಕಂಪನಿಯ ತಾಂತ್ರಿಕ ಕೇಂದ್ರ, ಇವು ಮೂರೂ ಒಂದೇ ದಿವಸದಲ್ಲಿ ನೋಡಿ ಬರಬಹುದಾದಷ್ಟು ಸಮೀಪದಲ್ಲಿವೆ. ಈ ಪ್ರಾಂತದ ವಿದ್ಯಾರ್ಥಿಯು ಶಿಲಾತೈಲ ಮತ್ತು ಅನಿಲಗಳ ಸಂಶೋಧನೆಯನ್ನು ವೃತ್ತಿಯಾಗಿ ಆರಂಭಿಸಬೇಕೆಂದರೆ ಇಂದು ಊರನ್ನು ಬಿಡಬೇಕಾದ ಅಗತ್ಯವಿಲ್ಲ. ಅರುವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಎಣ್ಣೆಯ ಬಾವಿಯೊಂದೂ ಇಲ್ಲದ ನಾಡಿನಲ್ಲಿ ಎಣ್ಣೆಯ ಶಾಸ್ತ್ರವು ನೆಲಸಿದುದು ಹೇಗೆಂಬುದೇ ಈ ಲೇಖನದ ವಿಷಯವು. ಅದು 2006ರಲ್ಲಿ ಪರದೇಶದ ಕಂಪನಿಯೊಂದರ ಸಂಗಡ ಬಂದಿಳಿಯಿತೆಂದು ಸಾಮಾನ್ಯವಾಗಿ ಹೇಳುವರು. ಈ ಮಾತು ಅರ್ಧಸತ್ಯವೆಂದು ನನ್ನ ಅಭಿಪ್ರಾಯ.

ಮೊದಲು ಶಬ್ದವಿಚಾರವನ್ನು ಮಾಡುವುದು ಯುಕ್ತ. ಕನ್ನಡದ ಎಣ್ಣೆ ಎಂಬುದು ಎಳ್ ಮತ್ತು ನೆಯ್ ಎಂಬ ಎರಡು ಪದಗಳು ಕೂಡಿ ಆದುದು. ಎಳ್ಳಿನ ನೆಯ್ ಎಂದರ್ಥ. ಸಂಸ್ಕೃತದ ತೈಲವು ತಿಲಶಬ್ದದಿಂದ ಹುಟ್ಟಿದ ತದ್ಧಿತಾಂತವಾದುದರಿಂದ ಅದರ ಅರ್ಥವೂ ಅದೇ. ಲ್ಯಾಟಿನ್ ಭಾಷೆಯ ಓಲಿಯಂ ಎಂಬುದು ಆಲಿವ್ ಹಣ್ಣಿನ ಎಣ್ಣೆಗೆ ಸಂದ ಹೆಸರು. ಕಲ್ಲೆಂಬರ್ಥದ ಪೆಟ್ರ ಎಂಬ ಪದವು ಅದಕ್ಕೆ ಸೇರಿ ಪೆಟ್ರೋಲಿಯಂ ಆಯಿತು. ಹೀಗೆ ಮೂರು ಭಾಷೆಗಳೂ ಗಿಡಮರಗಳಿಂದ ಪಡೆದ ಹೆಸರನ್ನೇ ಲಕ್ಷಣಾವೃತ್ತಿಯಿಂದ ನೆಲದೊಳಗಣ ದ್ರವಕ್ಕೆ ಹಬ್ಬಿಸಿವೆ. ನಮ್ಮ ಜನರು ಹಡಗಿನಲ್ಲಿ ಬಂದ ಹೊಸ ವಸ್ತುವಿಗೆ ಸೀಮೆ ಎಣ್ಣೆ ಎಂದು ಹೆಸರಿಟ್ಟು, ಅದು ಪರನಾಡಿನದೆಂಬುದನ್ನು ಮಾತಿನಲ್ಲಿಯೇ ಗುರುತಿಸಿಟ್ಟರು. ಹಳೆಯ ಶಾಸನಗಳಲ್ಲಿ ಕಾಣುವ ಗಾಣದೆರೆ, ತೆಲ್ಲಿಗರ ಐವತ್ತೊಕ್ಕಲು, ನಂದಾದೀವಿಗೆಗೆ ಬಿಟ್ಟ ಎಣ್ಣೆ ಇವೆಲ್ಲವೂ ಬೀಜದ ಎಣ್ಣೆಗೆ ಸಂಬಂಧಿಸಿದುವು. ಬೆಂಗಳೂರಿನ ಬೀದಿಗಳಲ್ಲಿ ಸೀಮೆ ಎಣ್ಣೆಯ ದೀಪಗಳು ಉರಿಯುತ್ತಿದ್ದು, 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದ ಮೇಲೆ ಅವು ಹಿಂದೆ ಸರಿದುವು.

ಊರಿನ ಹೆಸರಿನ ಸಂಬಂಧವಾಗಿಯೂ ಒಂದು ಮಾತು. ಸಿಂಗವೆಂಬುದು ಸಿಂಹಶಬ್ದದ ತದ್ಭವ. ಕಡಲಾಚೆಯ ಸಿಂಗಾಪುರದ ಹೆಸರೂ ಸಿಂಹಪುರವೆಂಬುದರಿಂದಲೇ ಬಂದುದು. ಆ ದ್ವೀಪದಲ್ಲಿ 1961ರಲ್ಲಿ ಬುಕೋಂ ಎಂಬಲ್ಲಿ ಶೆಲ್ ಕಂಪನಿಯು ಮೊದಲನೆಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯನ್ನು ತೆರೆಯಿತು. ಅಲ್ಲಿಯೂ ಎಣ್ಣೆಯ ಬಾವಿಯಿಲ್ಲ, ಆದರೆ ಬಂದರಿದೆ. ನಮ್ಮ ಸಿಂಗಾಪುರಕ್ಕೆ ಎರಡೂ ಇಲ್ಲ. ಹೆಸರಿನ ಸಾಮ್ಯದಿಂದ ಇತಿಹಾಸದ ಸಂಬಂಧವನ್ನು ಊಹಿಸಬಾರದೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ನೆಲದ ಸ್ಥಿತಿಯು ಸ್ಪಷ್ಟವಾಗಿದೆ. ಶಿಲಾತೈಲವು ಸಮುದ್ರ ಅಥವಾ ಸರೋವರಗಳ ತಳದಲ್ಲಿ ಪದರಪದರವಾಗಿ ಕೂಡಿದ ಜಲಜ ಶಿಲೆಗಳಲ್ಲಿ, ಜೀವಿಗಳ ಅವಶೇಷಗಳು ಹೂತು ಶಾಖಕ್ಕೆ ಸಿಕ್ಕಿದಾಗ, ಹುಟ್ಟುವಂಥದು. ಬೆಂಗಳೂರಿನ ಅಡಿಯಲ್ಲಿರುವುದು ನೈಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬವರು ಇದನ್ನು 1916ರಲ್ಲಿ ಪರ್ಯಾಯದ್ವೀಪದ ನೈಸ್ ಎಂದು ಕರೆದರು. ಲಾಲ್‌ಬಾಗಿನ ಬಂಡೆಯು ಇದೇ ಜಾತಿಯದು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಎಣ್ಣೆಯಾಗಬಲ್ಲಷ್ಟು ಜೀವರಾಶಿಯು ಭೂಮಿಯ ಮೇಲೆ ತುಂಬುವ ಎಷ್ಟೋ ಮೊದಲೇ ಗಟ್ಟಿಯಾದ ಕಲ್ಲು ಇದು. ಇಲ್ಲಿ ಬಾವಿ ತೋಡಿ ಎಣ್ಣೆಯನ್ನು ಹುಡುಕುವುದೆಂದರೆ ಮೊಲದ ಕೊಂಬನ್ನು ಹುಡುಕಿದಂತೆಯೇ.

ಹೀಗಿರುವಲ್ಲಿ ಶಾಸ್ತ್ರವು ಎರಡು ಬಾಗಿಲುಗಳಿಂದ ಪ್ರವೇಶಿಸಿತು. ಮೊದಲನೆಯದು ರಸಾಯನದ ಬಾಗಿಲು. ಮೈಸೂರಿನ ಮಹಾರಾಜರು ದಯಪಾಲಿಸಿದ 371 ಎಕರೆ ನೆಲದಲ್ಲಿ, 1909ರಲ್ಲಿ ಸ್ಥಾಪಿತವಾದ ವಿಜ್ಞಾನ ಸಂಸ್ಥೆಯು 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಸಡ್‌ಬರೋ ಎಂಬವರು ಸಾವಯವ ರಸಾಯನದ ಪ್ರಾಧ್ಯಾಪಕರಾಗಿ ಬಂದರು. ಅದರ ಸ್ವಲ್ಪ ಕಾಲದಲ್ಲಿಯೇ ಮಹಾಯುದ್ಧವು ಹುಟ್ಟಿ, ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಗಂಧದ ಕೊರಡು ಇಲ್ಲಿಯೇ ನಿಂತಿತು. ಸಡ್‌ಬರೋ ಮತ್ತು ವಾಟ್ಸನ್ ಎಂಬವರು ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಪರೀಕ್ಷಿಸಿ ಸಿದ್ಧಪಡಿಸಿದರು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯು ನಡೆಯತೊಡಗಿತು. ಬಳಿಕ ಮೈಸೂರಿನಲ್ಲಿಯೂ ಆಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ತಂತ್ರವನ್ನು ಕಲಿತು ಬಂದು, ಗಂಧದ ಸಾಬೂನನ್ನು ರೂಪಿಸಿದರು. ಎಣ್ಣೆಯ ರಸಾಯನದಲ್ಲಿ ವೃತ್ತಿಯನ್ನು ಆರಂಭಿಸಿದ ಕನ್ನಡಿಗರ ಪಟ್ಟಿಯನ್ನು ಯಾರಾದರೂ ಬರೆಯುವುದಾದರೆ ಅವರನ್ನು ಮೊದಲಲ್ಲಿಯೇ ಬರೆಯಬೇಕು.

ಗಂಧದೆಣ್ಣೆಗೂ ಶಿಲಾತೈಲಕ್ಕೂ ಏನು ಸಂಬಂಧವೆಂದು ಕೇಳಬಹುದು. ದ್ರವ್ಯದಲ್ಲಿ ಸಂಬಂಧವಿಲ್ಲ, ಕ್ರಿಯೆಯಲ್ಲಿ ಉಂಟು. ಒಂದು ಮಿಶ್ರದ್ರವವನ್ನು ಕಾಯಿಸಿ, ಯಾವ ಅಂಶವು ಯಾವ ಶಾಖದಲ್ಲಿ ಆವಿಯಾಗುವುದೋ ಅದನ್ನು ಬೇರೆಬೇರೆಯಾಗಿ ತಣಿಸಿ ಹಿಡಿಯುವುದು ಶುದ್ಧೀಕರಣದ ಮೂಲತಂತ್ರ. ಗಂಧದ ಕೊರಡಿಗೆ ಉಗಿಯನ್ನು ಹಾಯಿಸುವಲ್ಲಿ ಕಲಿತ ಕೈಗಳಿಗೆ ಈ ವಿದ್ಯೆಯ ಅಕ್ಷರಾಭ್ಯಾಸವು ಆದಂತೆಯೇ. ನಮ್ಮ ರಸಶಾಸ್ತ್ರದ ಗ್ರಂಥಗಳಲ್ಲಿಯೂ ತಿರ್ಯಕ್ಪಾತನಯಂತ್ರವು ವರ್ಣಿತವಾಗಿದೆ. ಓರೆಯಾದ ಕೊಳವೆಯಿಂದ ಆವಿಯನ್ನು ಬೇರೊಂದು ಘಟಕ್ಕೆ ಇಳಿಸುವ ಯುಕ್ತಿ ಅದು. ಆದರೆ ಇದನ್ನು ತೋರಿಸಿ ಪೂರ್ವಿಕರು ಪೆಟ್ರೋಲನ್ನು ಇಳಿಸುತ್ತಿದ್ದರೆಂದು ಸಾಧಿಸಲು ಹೊರಡುವವರನ್ನು ನಾನು ಬಲ್ಲೆನು. ಅದು ಶುದ್ಧ ಹೇತ್ವಾಭಾಸ. ಪಾತನಯಂತ್ರದ ಮುಖ್ಯ ವಿಷಯವು ಪಾರದವು. ಆಯುರ್ವೇದದ ಶಿಲಾಜತುವೂ ಬೆಟ್ಟದ ಬಿರುಕಿನಲ್ಲಿ ಸ್ರವಿಸುವ ಬೇರೊಂದು ದ್ರವ್ಯ. ಶಿಲಾಶಬ್ದವಿದ್ದ ಮಾತ್ರಕ್ಕೆ ಅದು ಶಿಲಾತೈಲವಾಗುವುದಿಲ್ಲ.

ಎರಡನೆಯ ಬಾಗಿಲು ಭೂವಿಜ್ಞಾನದ್ದು. ಇದರ ಕಥೆಯನ್ನು ಬಲ್ಲವರು ಕಡಿಮೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾಯರು ತಮ್ಮ ಊರಿನ ನೈಸ್ ಶಿಲೆಯಲ್ಲಿ ದೊರೆಯದ ವಸ್ತುವನ್ನು ಹುಡುಕಿಕೊಂಡು ತಿರುಚಿನಾಪಳ್ಳಿ ಸೀಮೆಗೆ ಹೋದರು. ಅಲ್ಲಿ ಅರಿಯಲೂರಿನ ಸುತ್ತ ಕ್ರಿಟೇಷಸ್ ಯುಗದ ಕಡಲಿನ ಪದರಗಳು ಹೊರಬಿದ್ದಿವೆ. ಆ ಸುಣ್ಣಗಲ್ಲನ್ನು ಬೆಳಕು ತೂರುವಷ್ಟು ತೆಳುವಾದ ಬಿಲ್ಲೆಗಳಾಗಿ ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಲಿಥೊಥಾಮ್ನಿಯಂ ಎಂಬ ಸುಣ್ಣದ ಪಾಚಿಯು ಅದರಲ್ಲಿರುವುದನ್ನು 1931ರಲ್ಲಿ ಲಂಡನ್ನಿನ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಾಚಿಗಳ ವಿಷಯದಲ್ಲಿ ಪ್ರಸಿದ್ಧರಾದ ವಿಯೆನ್ನಾದ ಯೂಲಿಯಸ್ ಪಿಯಾ ಅವರೊಡನೆ ಸೇರಿ ನಿನಿಯೂರು ಪದರಗಳ ಶಿಲಾಪಾಚಿಗಳನ್ನು ಕುರಿತ ಗ್ರಂಥವನ್ನು 1936ರಲ್ಲಿ ಹೊರತಂದರು.

ಇದು ಎಣ್ಣೆಗೆ ಹೇಗೆ ಸೇರಿತು? ಬಾವಿಯನ್ನು ಕೊರೆಯುವಾಗ ಮೇಲೆ ಬರುವುದು ಪುಡಿಯಾದ ಕಲ್ಲು. ದೊಡ್ಡ ಶಂಖ ಚಿಪ್ಪುಗಳೆಲ್ಲ ಅದರಲ್ಲಿ ನುಚ್ಚಾಗಿರುವುವು. ಸಾಸಿವೆಗಿಂತ ಚಿಕ್ಕದಾದ ಸೂಕ್ಷ್ಮಜೀವಿಗಳ ಕವಚಗಳು ಮಾತ್ರ ಇಡಿಯಾಗಿ ಉಳಿಯುವುವು. ಯಾವ ಜಾತಿಯ ಕವಚವಿದೆಯೆಂಬುದರಿಂದ ಆ ಪದರವು ಯಾವ ಯುಗದ್ದು, ಅಂದಿನ ಕಡಲು ಆಳವೋ ತೆಳುವೋ ಎಂಬುದನ್ನು ನಿರ್ಣಯಿಸಬಹುದು. ಹಸ್ತಪ್ರತಿಯ ಕಾಲವನ್ನು ಲಿಪಿಯಿಂದ ನಿರ್ಧರಿಸುವ ಕೆಲಸಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ಎಣ್ಣೆಯ ಕಂಪನಿಗಳು ಜಗತ್ತಿನಾದ್ಯಂತ ಇಂಥ ಪರೀಕ್ಷಕರನ್ನು ನೇಮಿಸಿಕೊಂಡುದು ಈ ಕಾರಣದಿಂದಲೇ. ರಾಮರಾಯರು ಮೇಲ್ಮೈಯಲ್ಲಿ ಓದಿದ ಪದರಗಳೇ ಪೂರ್ವಕ್ಕೆ ಇಳಿದು ಕಾವೇರಿ ಬೇಸಿನ್ನಿನ ಒಳಗೆ ಹೂತುಹೋಗಿವೆ. ಆ ಬೇಸಿನ್ನಿನಲ್ಲಿಯೇ 1980ರ ದಶಕದಲ್ಲಿ ನಾಗಪಟ್ಟಣದ ಹತ್ತಿರ ನರಿಮಣಂ ಎಂಬಲ್ಲಿ ಎಣ್ಣೆಯು ದೊರೆತು, 1993ರಲ್ಲಿ ಶುದ್ಧೀಕರಣ ಕಾರ್ಖಾನೆಯೂ ಆಯಿತು. ಪಾಚಿಯನ್ನು ನೋಡುತ್ತಿದ್ದ ಅಧ್ಯಾಪಕರಿಗೆ ಇದು ಉದ್ದೇಶವಾಗಿರಲಿಲ್ಲ. ಜ್ಞಾನಕ್ಕಾಗಿ ಮಾಡಿದ ಶ್ರಮವು ಐವತ್ತು ವರ್ಷಗಳ ತರುವಾಯ ಬೇರೊಬ್ಬರ ಪ್ರಯೋಜನಕ್ಕೆ ಒದಗಿದುದನ್ನು ಇಲ್ಲಿ ಕಾಣುತ್ತೇವೆ.

ಸ್ವಾತಂತ್ರ್ಯಾನಂತರ ವೃತ್ತಿಯ ದಾರಿಯು ಉತ್ತರಕ್ಕೆ ತಿರುಗಿತು. ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು 1956ರಲ್ಲಿ ಡೆಹ್ರಾಡೂನಿನಲ್ಲಿ ನೆಲಸಿತು. 1960ರಲ್ಲಿ ಸ್ಥಾಪಿತವಾದ ಭಾರತೀಯ ಪೆಟ್ರೋಲಿಯಂ ಸಂಸ್ಥೆಯೂ ಬಳಿಕ ಅಲ್ಲಿಗೇ ಸೇರಿತು. ಇಂಡಿಯನ್ ಆಯಿಲ್ ಸಂಸ್ಥೆಯ ಸಂಶೋಧನಾಲಯವು 1972ರಲ್ಲಿ ಫರೀದಾಬಾದಿನಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಭೂವಿಜ್ಞಾನವನ್ನೋ ರಸಾಯನವನ್ನೋ ಓದಿ ಮುಗಿಸಿದ ತರುಣನು ಟ್ರಂಕು ಕಟ್ಟಿಕೊಂಡು ಹಿಮಾಲಯದ ಬುಡಕ್ಕೆ ಹೋಗಬೇಕಾಗಿತ್ತು. ಆದರೂ ಇಲ್ಲಿಯ ಪೀಠವು ಬರಿದಾಗಲಿಲ್ಲ. 1958ರಲ್ಲಿ ಬೆಂಗಳೂರಿನಲ್ಲಿಯೇ ಭಾರತೀಯ ಭೂವೈಜ್ಞಾನಿಕ ಸಂಘವು ಹುಟ್ಟಿತು. ರಾಮರಾಯರು ಅದರ ಸ್ಥಾಪಕರಲ್ಲಿ ಒಬ್ಬರು. ಎಣ್ಣೆ ಇಲ್ಲದ ಊರಿನಿಂದ ಹೊರಡುವ ಪತ್ರಿಕೆಯನ್ನು ಎಣ್ಣೆಯನ್ನು ಹುಡುಕುವವರು ಓದತೊಡಗಿದರು.

ಕರಾವಳಿಯಲ್ಲಿ ಮಂಗಳೂರಿನ ಶುದ್ಧೀಕರಣಾಲಯವು 1996ರಲ್ಲಿ ಕೆಲಸ ಮಾಡತೊಡಗಿತು. ಅನಂತರ ಆಪತ್ಕಾಲದ ದಾಸ್ತಾನಿಗಾಗಿ ಮಂಗಳೂರಿನಲ್ಲಿ 15 ಲಕ್ಷ ಟನ್ನು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನು ಹಿಡಿಯುವ ಗುಹೆಗಳನ್ನು ಗಟ್ಟಿಬಂಡೆಯಲ್ಲಿ ಕೊರೆದರು. ಎಣ್ಣೆಯನ್ನು ಎಂದೂ ಹೆರದ ಕಲ್ಲು ಎಣ್ಣೆಯನ್ನು ಕಾಯುವುದಕ್ಕೆ ಯೋಗ್ಯವಾಯಿತು. ಶಿಲಾತೈಲವೆಂಬ ಹೆಸರು ಕರ್ಣಾಟಕದಲ್ಲಿ ಅನ್ವರ್ಥವಾದುದು ಈ ರೀತಿಯಿಂದ.

2006ರ ಘಟನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಶೆಲ್ ಕಂಪನಿಯು ಆ ವರ್ಷ ಬೆಂಗಳೂರಿನಲ್ಲಿ ತಾಂತ್ರಿಕ ಕೇಂದ್ರವನ್ನು ಆರಂಭಿಸಿ, 2017ರಲ್ಲಿ ಮಹದೇವ ಕೊಡಿಗೇಹಳ್ಳಿಯ ಆವರಣಕ್ಕೆ ಬಂದಿತು. ಹಿಂದೂಸ್ತಾನ್ ಪೆಟ್ರೋಲಿಯಂ ಸಂಸ್ಥೆಯು ತನ್ನ ಸಂಶೋಧನಾ ಕೇಂದ್ರವನ್ನು ಹೊಸಕೋಟೆ ತಾಲ್ಲೂಕಿನ ದೇವನಗುಂದಿಯಲ್ಲಿ 2016ರಲ್ಲಿ ತೆರೆಯಿತು. ಇವರು ಎಣ್ಣೆಯನ್ನರಸಿ ಬಂದವರಲ್ಲ. ನೂರು ವರ್ಷಗಳಿಂದ ಇಲ್ಲಿ ಬೆಳೆದ ವಿದ್ಯಾವಂತರನ್ನರಸಿ ಬಂದವರು. ಡೆಹ್ರಾಡೂನಿಗೆ ಹೋಗುತ್ತಿದ್ದ ದಾರಿಯು ಇಲ್ಲಿಗೇ ತಿರುಗಿ ಬಂದಂತಾಯಿತು.

ಆದರೆ ಹಿಂದಿನ ಆರಂಭಕ್ಕೂ ಇಂದಿನ ಆರಂಭಕ್ಕೂ ಒಂದು ಭೇದವುಂಟು. ಇತಿಹಾಸವನ್ನು ಬರೆಯುವವನು ಇದನ್ನು ಗಮನಿಸದೆ ಇರಲಾರನು. ವಿಜ್ಞಾನ ಸಂಸ್ಥೆಯು 1914ರಿಂದ ತನ್ನದೇ ಪತ್ರಿಕೆಯನ್ನು ಹೊರಡಿಸಿತು. ಅಲ್ಲಿಯ ವಿದ್ಯಾರ್ಥಿಯು ಮಾಡಿದ ಪ್ರಯೋಗವು ಅಚ್ಚಾಗಿ, ಒಪ್ಪದವರು ಖಂಡಿಸುವುದಕ್ಕೆ ಅವಕಾಶವಿತ್ತು. ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲವೆಂಬ ನಮ್ಮ ಶಾಸ್ತ್ರಮರ್ಯಾದೆಗೆ ಇದು ಸಮ್ಮತ. ಉದ್ಯಮದ ಸಂಶೋಧನಾಲಯವನ್ನು ಸೇರುವವನು ಗೋಪ್ಯತೆಯ ಕರಾರಿಗೆ ರುಜು ಹಾಕಿಯೇ ಒಳಗೆ ಹೋಗುವನು. ಏಕಸ್ವದ ಪತ್ರಗಳು ಬಹಿರಂಗವೇನೋ ಹೌದು; ಅವುಗಳಲ್ಲಿ ಗೆದ್ದ ಪ್ರಯೋಗಗಳು ಮಾತ್ರ ಇರುವುವು. ಸೋತ ನೂರು ಪ್ರಯೋಗಗಳು, ಅವುಗಳ ಕಾರಣ, ಅವುಗಳಲ್ಲಿ ಬೆಂದ ತರುಣರ ಪರಿಶ್ರಮ ಇವು ಕಂಪನಿಯ ಪೆಟ್ಟಿಗೆಯಲ್ಲಿ ಉಳಿಯುವುವು. ವ್ಯಾಪಾರಕ್ಕೆ ಇದು ಅನಿವಾರ್ಯವೆಂದರೆ ನಾನು ವಾದಿಸುವುದಿಲ್ಲ. ಆದರೆ 1916ರ ಗಂಧದೆಣ್ಣೆಯ ಕಥೆಯನ್ನು ಇಂದು ಬರೆಯಬಹುದಾದಂತೆ 2016ರ ಕಥೆಯನ್ನು ಮುಂದಿನವರು ಬರೆಯಲಾರರು.

ಬೀಜದೆಣ್ಣೆಯ ವಿಷಯವೂ ಪೂರ್ತಿಯಾಗಿ ಹಿಂದೆ ಬೀಳಲಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದ ನಡೆದಿತ್ತು. 1990ರ ದಶಕದಲ್ಲಿ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಹೊಂಗೆಯೆಣ್ಣೆಯಿಂದ ಡೀಸೆಲ್ ಯಂತ್ರಗಳನ್ನು ನಡೆಸಿ ತೋರಿಸಿದರು; ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನದ ಉದ್ಯಾನವನ್ನು ಬೆಳೆಸಿತು. ಸಂಸ್ಕೃತದ ಕರಂಜವೇ ಈ ಹೊಂಗೆ. ತಿಲದಿಂದ ಹೊರಟ ಶಬ್ದವು ಕಲ್ಲಿಗೆ ಹೋಗಿ ಮರಳಿ ಬೀಜಕ್ಕೆ ಬಂದಿತು.

ರಾಮರಾಯರ ಶಿಷ್ಯರಾಗಿದ್ದವರ, ಡೆಹ್ರಾಡೂನಿಗೆ ಹೋಗಿ ನಿವೃತ್ತರಾಗಿ ಬಂದವರ ಮನೆಗಳಲ್ಲಿ ಬಾವಿಗಳ ದಿನಚರಿ, ಸೂಕ್ಷ್ಮದರ್ಶಕದ ಬಿಲ್ಲೆಗಳು, ಪತ್ರಗಳು ಇದ್ದಲ್ಲಿ ಅವುಗಳ ಪ್ರತಿಯನ್ನು ಪರಿಷತ್ತಿನ ಭಂಡಾರಕ್ಕೆ ಕೊಡಬೇಕೆಂದು ವಾಚಕಮಹಾಶಯರಲ್ಲಿ ಪ್ರಾರ್ಥಿಸುತ್ತೇನೆ. ಹಸ್ತಾಕ್ಷರವು ಓದಲು ಕಷ್ಟವಾಗಿದ್ದರೂ ಚಿಂತೆಯಿಲ್ಲ. ತಾಳೆಗರಿಯನ್ನು ಓದಿದವರು ಇಲ್ಲಿ ಇನ್ನೂ ಕೆಲವರಿದ್ದೇವೆ.