ಸಾಯಬೇಕಾದ ಕೋಶ ಸಾಯದಿದ್ದರೆ: ಕ್ಯಾನ್ಸರ್‌ನ ಹಿಂದಿರುವ ಪ್ರೋಟೀನುಗಳು

ಕಣಕಟ್ಟೆ (ಅರಸೀಕೆರೆ ತಾಲ್ಲೂಕು): ತೆಂಗಿನ ಮರದ ಹಳೆಯ ಗರಿ ಒಣಗಿ ತಾನಾಗಿಯೇ ಕಳಚಿ ಬೀಳುವುದು ಅರಸೀಕೆರೆ ಸೀಮೆಯ ತೋಟಗಳಲ್ಲಿ ನಿತ್ಯದ ನೋಟ. ಗರಿ ಬಿತ್ತೆಂದು ಮರ ಸಾಯುವುದಿಲ್ಲ. ಹಳೆಯದು ಉದುರಿ ಹೊಸ ಸುಳಿ ಬರುವುದೇ ಮರದ ಆರೋಗ್ಯ. ಮನುಷ್ಯನ ದೇಹದ ನಿಯಮವೂ ಇದೇ. ವಯಸ್ಕರ ದೇಹದಲ್ಲಿ ಪ್ರತಿದಿನ 5000 ಕೋಟಿಗೂ ಹೆಚ್ಚು ಜೀವಕೋಶಗಳು ಸಾಯುತ್ತವೆ ಮತ್ತು ಅಷ್ಟೇ ಪ್ರಮಾಣದಲ್ಲಿ ಹೊಸವು ಹುಟ್ಟುತ್ತವೆ ಎಂಬುದು ವಿಜ್ಞಾನಿಗಳ ಅಂದಾಜು. ಈ ಲೆಕ್ಕ ತಪ್ಪಿದಾಗ ಹುಟ್ಟುವ ರೋಗವೇ ಕ್ಯಾನ್ಸರ್. ಲೆಕ್ಕವನ್ನು ಕಾಯುವವು ಜೀವಕೋಶದೊಳಗಿನ ಪ್ರೋಟೀನುಗಳು.

ಸಾವಿಗೂ ಒಂದು ಕ್ರಮವಿದೆ

ಜೀವಕೋಶದ ಈ ಕ್ರಮಬದ್ಧ ಸಾವಿಗೆ 'ಅಪೊಪ್ಟೋಸಿಸ್' ಎಂದು ಹೆಸರು. 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರಿ ಎಂಬ ಮೂವರು ವಿಜ್ಞಾನಿಗಳು ಇದನ್ನು ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ಈ ಪದದ ಅರ್ಥ ಎಲೆ ಉದುರುವುದು. ಗಾಯದಿಂದ ಸಾಯುವ ಕೋಶ ಒಡೆದು ಸುತ್ತಲೂ ಉರಿಯೂತವನ್ನುಂಟುಮಾಡುತ್ತದೆ. ಅಪೊಪ್ಟೋಸಿಸ್‌ನಲ್ಲಿ ಹಾಗಾಗುವುದಿಲ್ಲ. ಕೋಶ ಕುಗ್ಗಿ, ತುಣುಕುಗಳಾಗಿ, ನೆರೆಯ ಕೋಶಗಳಿಗೆ ಆಹಾರವಾಗಿಬಿಡುತ್ತದೆ.

ಇದು ಆಕಸ್ಮಿಕವಲ್ಲ, ವಂಶವಾಹಿಗಳಲ್ಲೇ ಬರೆದಿಟ್ಟ ಆದೇಶ ಎಂಬುದನ್ನು ತೋರಿಸಿಕೊಟ್ಟಿದ್ದು ಒಂದು ಮಿಲಿಮೀಟರ್ ಉದ್ದದ ಹುಳು. ಈ ಹುಳು ಬೆಳೆಯುವಾಗ ಹುಟ್ಟುವ 1090 ದೇಹಕೋಶಗಳ ಪೈಕಿ 131 ತಪ್ಪದೇ ಸಾಯುತ್ತವೆ. ಈ ಸಂಶೋಧನೆಗಾಗಿ ಸಿಡ್ನಿ ಬ್ರೆನ್ನರ್, ರಾಬರ್ಟ್ ಹಾರ್ವಿಟ್ಜ್ ಮತ್ತು ಜಾನ್ ಸಲ್‌ಸ್ಟನ್ ಅವರಿಗೆ 2002ರ ವೈದ್ಯಕೀಯ ನೊಬೆಲ್ ಸಂದಿತು.

ಸಾವಿನ ಆದೇಶವನ್ನು ಕಾರ್ಯಗತಗೊಳಿಸುವವು 'ಕ್ಯಾಸ್ಪೇಸ್' ಎಂಬ ಕಿಣ್ವಗಳು. ಅವು ಕೋಶದೊಳಗಿನ ಪ್ರೋಟೀನುಗಳನ್ನು ಕತ್ತರಿಸುತ್ತವೆ. ಆದರೆ ಕತ್ತರಿ ಯಾವಾಗ ಒರೆಯಿಂದ ಹೊರಬರಬೇಕು ಎಂಬುದನ್ನು ನಿರ್ಧರಿಸುವ ಪ್ರೋಟೀನುಗಳೇ ಬೇರೆ.

ಕಾವಲುಗಾರ ಪಿ53

ಅವುಗಳಲ್ಲಿ ಮೊದಲ ಹೆಸರು ಪಿ53. 1979ರಲ್ಲಿ ಪತ್ತೆಯಾದ ಈ ಪ್ರೋಟೀನನ್ನು ಸುಮಾರು ಹತ್ತು ವರ್ಷ ಕ್ಯಾನ್ಸರ್ ತರುವ ಖಳನೆಂದೇ ಭಾವಿಸಲಾಗಿತ್ತು. ವಾಸ್ತವದಲ್ಲಿ ಅದು ಕ್ಯಾನ್ಸರ್ ತಡೆಯುವ ಕಾವಲುಗಾರ ಎಂಬುದು 1989ರಲ್ಲಿ ಸ್ಪಷ್ಟವಾಯಿತು. ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಎಚ್ಚೆತ್ತು 'ಪಿ21' ಎಂಬ ಮತ್ತೊಂದು ಪ್ರೋಟೀನಿನ ಮೂಲಕ ಕೋಶ ವಿಭಜನೆಯನ್ನು ನಿಲ್ಲಿಸುತ್ತದೆ. ದುರಸ್ತಿ ಸಾಧ್ಯವಾದರೆ ಸರಿ. ಇಲ್ಲವಾದರೆ ಕೋಶಕ್ಕೆ ಸಾವಿನ ಆದೇಶ ಹೊರಡಿಸುತ್ತದೆ.

ಮನುಷ್ಯರ ಕ್ಯಾನ್ಸರುಗಳಲ್ಲಿ ಸರಿಸುಮಾರು ಅರ್ಧದಷ್ಟರಲ್ಲಿ ಪಿ53ರ ವಂಶವಾಹಿಯೇ ಕೆಟ್ಟಿರುತ್ತದೆ. ತಂಬಾಕಿನ ಹೊಗೆಯಲ್ಲಿರುವ ರಾಸಾಯನಿಕಗಳು ಈ ವಂಶವಾಹಿಗೆ ನೇರವಾಗಿ ಹಾನಿ ಮಾಡುತ್ತವೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನದು ಬೇರೆಯೇ ದಾರಿ. ಅದರ 'ಇ6' ಎಂಬ ಪ್ರೋಟೀನು ಪಿ53 ಅನ್ನು ನಾಶಪಡಿಸುತ್ತದೆ. ಕಾವಲುಗಾರ ಸತ್ತ ಮೇಲೆ ಕೋಟೆಗೆ ದಿಡ್ಡಿಬಾಗಿಲೇ ರಾಜಮಾರ್ಗ.

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಭಾಗದ ರೈತರಿಗೆ ತಲೆನೋವಾಗಿರುವ ಆನೆ ಇಲ್ಲಿ ಪಾಠ ಹೇಳುತ್ತದೆ. ಅಷ್ಟು ದೊಡ್ಡ ದೇಹ, ಅಷ್ಟು ದೀರ್ಘ ಆಯುಸ್ಸು ಇದ್ದರೂ ಆನೆಗಳಿಗೆ ಕ್ಯಾನ್ಸರ್ ಬರುವುದು ಅಪರೂಪ. ಮನುಷ್ಯನಲ್ಲಿ ಪಿ53 ವಂಶವಾಹಿ ಒಂದು ಜೋಡಿ ಇದ್ದರೆ ಆನೆಯಲ್ಲಿ ಸುಮಾರು 20 ಜೋಡಿ ಇವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನಗಳು ತಿಳಿಸಿವೆ. ಇವುಗಳಲ್ಲಿ ಹೆಚ್ಚಿನವು ಮೂಲ ವಂಶವಾಹಿಯ ಮಾರ್ಪಟ್ಟ ನಕಲುಗಳು. ಪೆಟ್ಟುಬಿದ್ದ ಕೋಶ ಆನೆಯ ದೇಹದಲ್ಲಿ ಬೇಗನೆ ಸಾಯುತ್ತದೆ.

ಸಾವನ್ನು ತಡೆಯುವ ಬಿಸಿಎಲ್-2

ಪಿ53 ಸಾವಿನ ಪರವಾದರೆ ಬಿಸಿಎಲ್-2 ಅದರ ವಿರೋಧಿ. 1980ರ ದಶಕದಲ್ಲಿ ದುಗ್ಧಗ್ರಂಥಿಯ ಒಂದು ಬಗೆಯ ಕ್ಯಾನ್ಸರಿನಲ್ಲಿ ಇದು ಪತ್ತೆಯಾಯಿತು. ಅದುವರೆಗೆ ತಿಳಿದಿದ್ದ ಕ್ಯಾನ್ಸರ್ ವಂಶವಾಹಿಗಳೆಲ್ಲ ಕೋಶಗಳ ಬೆಳವಣಿಗೆಯನ್ನು ಹೆಚ್ಚಿಸುವಂಥವು. ಬಿಸಿಎಲ್-2 ಮಾತ್ರ ಕೋಶವನ್ನು ಸಾಯಗೊಡುವುದಿಲ್ಲ ಎಂಬುದು 1988ರಲ್ಲಿ ಗೊತ್ತಾಯಿತು. ಮೈಟೊಕಾಂಡ್ರಿಯಾದ ಪೊರೆಯಲ್ಲಿ ರಂಧ್ರ ಕೊರೆದು ಸಾವಿಗೆ ಚಾಲನೆ ನೀಡುವ 'ಬ್ಯಾಕ್ಸ್' ಮತ್ತು 'ಬ್ಯಾಕ್' ಪ್ರೋಟೀನುಗಳನ್ನು ಅದು ಕಟ್ಟಿಹಾಕುತ್ತದೆ. ಈ ಹಿಡಿತವನ್ನು ಬಿಡಿಸುವ ವೆನೆಟೊಕ್ಲ್ಯಾಕ್ಸ್ ಮಾತ್ರೆಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ಕೆಲವು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಅದು ಮುಖ್ಯ ಔಷಧ.

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ

ಇದೇ ಬಿಸಿಎಲ್-2 ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಕೆಲಸ ನಡೆದಿದೆ. ಜೀವರಸಾಯನ ವಿಭಾಗದ ಸತೀಶ್ ಸಿ. ರಾಘವನ್ ಅವರ ತಂಡ 2016ರಲ್ಲಿ 'ಡಿಸಾರಿಬ್' ಎಂಬ ಸಂಯುಕ್ತವನ್ನು ಪ್ರಕಟಿಸಿತು. ಇತರ ಸಂಯುಕ್ತಗಳು ಅಂಟಿಕೊಳ್ಳುವ ಜಾಗಕ್ಕಿಂತ ಭಿನ್ನವಾದ ಭಾಗಕ್ಕೆ ಇದು ಅಂಟಿಕೊಳ್ಳುತ್ತದೆ ಎಂಬುದು ವಿಶೇಷ. ಕೋಶಗಳಲ್ಲಿ ಹಾಗೂ ಇಲಿಗಳಲ್ಲಿ ಅದು ಗೆಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು.

ಅದೇ ಸಂಸ್ಥೆಯ ಅನ್ನಪೂರ್ಣಿ ರಂಗರಾಜನ್ ಅವರ ತಂಡದ ಪ್ರಶ್ನೆ ಬೇರೆ. ಸ್ತನದ ಕೋಶವೊಂದು ತನ್ನ ನೆಲೆಯಿಂದ ಕಳಚಿಕೊಂಡರೆ ಸಾಯಬೇಕು. ಹಾಗಿದ್ದರೂ ಕ್ಯಾನ್ಸರ್ ಕೋಶ ರಕ್ತದಲ್ಲಿ ಅಲೆದು ಬೇರೆಡೆ ನೆಲೆಯೂರುವುದು ಹೇಗೆ? ಕೋಶದಲ್ಲಿ ಶಕ್ತಿಯ ಕೊರತೆಯನ್ನು ಗ್ರಹಿಸುವ 'ಎಎಂಪಿಕೆ' ಎಂಬ ಪ್ರೋಟೀನು 'ಪಿಇಎ15' ಎಂಬ ಪ್ರೋಟೀನಿನ ನೆರವಿನಿಂದ ಕಳಚಿದ ಕೋಶವನ್ನು ಬದುಕಿಸುತ್ತದೆ ಎಂದು ತಂಡ 2014ರಲ್ಲಿ ವರದಿ ಮಾಡಿತು. ರೋಗಿಯ ಪ್ರಾಣಕ್ಕೆ ಎರವಾಗುವುದು ಬಹುತೇಕ ಮೊದಲ ಗೆಡ್ಡೆಯಲ್ಲ, ಹೀಗೆ ಹರಡಿದ ಗೆಡ್ಡೆಗಳು. ಈ ಸಂಶೋಧನೆಯ ಮಹತ್ವ ಇರುವುದು ಇಲ್ಲಿಯೇ.

ಬೆಳವಣಿಗೆಗೆ ಕಡಿವಾಣ

ಸಾವು ತಪ್ಪಿದರೆ ಸಾಲದು, ಕೋಶ ಬೆಳೆಯಲೂ ಬೇಕು. ಕೋಶದ ಮೇಲ್ಮೈಯಲ್ಲಿರುವ 'ಇಜಿಎಫ್‌ಆರ್' ಮತ್ತು 'ಹರ್-2' ಎಂಬ ಗ್ರಾಹಕ ಪ್ರೋಟೀನುಗಳು ಬೆಳೆಯುವ ಸಂದೇಶವನ್ನು ಒಳಗೆ ಮುಟ್ಟಿಸುತ್ತವೆ. ಸ್ತನ ಕ್ಯಾನ್ಸರುಗಳ ಪೈಕಿ ಶೇ. 15ರಿಂದ 20ರಷ್ಟರಲ್ಲಿ ಹರ್-2 ವಿಪರೀತ ಪ್ರಮಾಣದಲ್ಲಿರುತ್ತದೆ. ಅದನ್ನು ತಡೆಯುವ ಟ್ರಾಸ್ಟುಜುಮಾಬ್ 1998ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಬೆಂಗಳೂರಿನ ಬಯೋಕಾನ್ ಕಂಪನಿ ಅದರ ಸಮಾನರೂಪಿ ಔಷಧವನ್ನು 2014ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು. 2017ರಲ್ಲಿ ಅದಕ್ಕೆ ಅಮೆರಿಕದ ಅನುಮತಿಯೂ ದೊರೆಯಿತು. ಇಜಿಎಫ್‌ಆರ್ ತಡೆಯುವ ನಿಮೊಟುಜುಮಾಬ್ ಅನ್ನು ಇದೇ ಕಂಪನಿ 2006ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆಂದು ಹೊರತಂದಿತ್ತು.

ರೋಗಿಗೆ ಇದರಿಂದೇನು?

ಕಣಕಟ್ಟೆಯಂತಹ ಹೋಬಳಿಯಿಂದ ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಬರುವ ರೋಗಿಗೆ ಈ ಹೆಸರುಗಳು ಎದುರಾಗುವುದು ಪರೀಕ್ಷಾ ವರದಿಯಲ್ಲಿ. ಸ್ತನದ ಗೆಡ್ಡೆಯ ತುಣುಕಿನ ಪರೀಕ್ಷೆಯಲ್ಲಿ ಹರ್-2 ಇದೆಯೋ ಇಲ್ಲವೋ ಎಂಬ ಒಂದು ಸಾಲು ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತದೆ. ಗೆಡ್ಡೆಯಲ್ಲಿ ಆ ಪ್ರೋಟೀನು ಹೆಚ್ಚಿಲ್ಲದಿದ್ದರೆ ಟ್ರಾಸ್ಟುಜುಮಾಬ್‌ಗೆ ಎಷ್ಟೇ ಹಣ ಸುರಿದರೂ ಪ್ರಯೋಜನವಿಲ್ಲ. ಆದ್ದರಿಂದ ವರದಿಯನ್ನು ಜೋಪಾನವಾಗಿಟ್ಟುಕೊಂಡು, ಅದರಲ್ಲೇನಿದೆ ಎಂದು ವೈದ್ಯರನ್ನು ಕೇಳಿ ತಿಳಿಯುವುದು ರೋಗಿಯ ಹಕ್ಕು.

'ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಸ್ತು ಪತ್ತೆ' ಎಂಬ ಸುದ್ದಿಗಳನ್ನು ಓದುವಾಗಲೂ ಎಚ್ಚರ ಅಗತ್ಯ. ಗಾಜಿನ ತಟ್ಟೆಯಲ್ಲಿ ಹಾಗೂ ಇಲಿಯಲ್ಲಿ ಗೆದ್ದ ಸಂಯುಕ್ತ ಮನುಷ್ಯರ ಮೇಲಿನ ಹಲವು ಹಂತಗಳ ಪರೀಕ್ಷೆಯಲ್ಲಿಯೂ ಗೆಲ್ಲಬೇಕು. ಬಿಸಿಎಲ್-2 ಪತ್ತೆಯಾದ ಮೇಲೆ ಅದರ ಮೊದಲ ಔಷಧ ರೋಗಿಯ ಕೈಗೆ ಬರಲು ಮೂರು ದಶಕಗಳೇ ಬೇಕಾದವು. ಅಂತಹ ಸುದ್ದಿಯನ್ನು ನಂಬಿ ನಡೆಯುತ್ತಿರುವ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಪ್ರಾಣಕ್ಕೇ ಅಪಾಯ.

ಇವೆಲ್ಲಕ್ಕಿಂತ ಅಗ್ಗದ ದಾರಿಯೂ ಇದೆ. ಬೀಡಿ, ಗುಟ್ಕಾ ಬಿಡುವುದು ಮತ್ತು ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸುವುದು. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಕ್ಯಾನ್ಸರ್‌ಕಾರಕ ಎಂದು ಘೋಷಿಸಿದೆ. ಪ್ರೋಟೀನುಗಳ ಕಾವಲು ಕೆಡದಂತೆ ನೋಡಿಕೊಳ್ಳುವುದು, ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತ ಎಷ್ಟೋ ಸುಲಭ.